ಮಾತೃಕೆ

ಬಿ.ಎ. ಓದುವವರಿಗೆ ಗಣಿತವೇಕೆ ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿಯೇ ಉಂಟು. ಅರ್ಥಶಾಸ್ತ್ರದ ಜೊತೆಗೆ ಗಣಿತವನ್ನು ತೆಗೆದುಕೊಂಡ ನಾವು ಬೆರಳೆಣಿಕೆಯ ಮಂದಿ. ಕವಿತೆ ಓದುವ ಗೆಳತಿಯರು ನಮ್ಮನ್ನು ಕಂಡರೆ ಕನಿಕರಪಡುತ್ತಾರೆ. ಆ ಕನಿಕರವನ್ನು ಸ್ವೀಕರಿಸಿಯೇ, ಈ ವರ್ಷ ನಾವು ಓದಿದ ರೇಖೀಯ ಬೀಜಗಣಿತದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಮಾತೃಕೆಗಳು ನಮಗೆ ಹೊಸಬರಲ್ಲ. ಪಿ.ಯು.ಸಿ.ಯಲ್ಲಿಯೇ ಪರಿಚಯವಾಗಿತ್ತು. ಆದರೆ ಅದು ಬಸ್ಸಿನಲ್ಲಿ ದಿನವೂ ಎದುರು ಕೂರುವವರ ಪರಿಚಯದಂತೆ. ಮುಖ ಗೊತ್ತು, ಮನೆ ಗೊತ್ತಿಲ್ಲ. ನಿರ್ಧಾರಕದ ಬೆಲೆ ಕಂಡುಹಿಡಿ ಎಂದರೆ ಹಿಡಿದೆವು, ವಿಲೋಮ ಬರೆ ಎಂದರೆ ಬರೆದೆವು. ಈ ಸಲ ಪ್ರಯೋಗದ ತರಗತಿಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಪೈಥಾನಿನಲ್ಲಿ ಒಂದು ಸಾಲು ಬರೆದಾಗ, ಅರ್ಧ ಪುಟ ತಿನ್ನುತ್ತಿದ್ದ ಆ ವಿಲೋಮ ಕಣ್ಣು ಮಿಟುಕಿಸುವುದರೊಳಗೆ ತೆರೆಯ ಮೇಲೆ ಬಂದಿತು. ಹಾಗಾದರೆ ಇಷ್ಟು ವರ್ಷ ನಾವು ಬೆವರಿಳಿಸಿದ್ದೇಕೆ ಎಂದು ಒಬ್ಬ ಗೆಳೆಯ ಕೇಳಿಯೇಬಿಟ್ಟ. ನಮ್ಮ ಅಧ್ಯಾಪಕರು ನಕ್ಕು, "ಇನ್ನು ಮೇಲೆ ಯಂತ್ರಕ್ಕೆ ಏನನ್ನು ಕೊಡಬೇಕೆಂದು ಬೆವರಿಳಿಸಿರಿ" ಎಂದರು.

ಏಕಕಾಲಿಕ ಸಮೀಕರಣ ಹೊರನಾಡಿನ ಸರಕೆಂದು ಯಾರೂ ತಿಳಿಯಬಾರದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣಿನ ಲೆಕ್ಕವೊಂದಿದೆ. ೯ ಮಾದಲ ಹಣ್ಣು, ೭ ಬೇಲದ ಹಣ್ಣು ಸೇರಿ ಬೆಲೆ ೧೦೭. ೭ ಮಾದಲ, ೯ ಬೇಲ ಆದರೆ ೧೦೧. ಒಂದೊಂದರ ಬೆಲೆಯೆಷ್ಟು? ಎರಡನ್ನೂ ಕೂಡಿದರೆ ೧೬ ಜೋಡಿಗೆ ೨೦೮, ಅಂದರೆ ಜೋಡಿಗೆ ೧೩. ಕಳೆದರೆ ಒಂದಕ್ಕೂ ಇನ್ನೊಂದಕ್ಕೂ ಅಂತರ ೩. ಮಾದಲ ೮, ಬೇಲ ೫. ಸಂತೆಗೆ ಹೋಗಿ ಬಂದವನ ಲೆಕ್ಕವಿದು. ಎರಡು ಹಣ್ಣಿನ ಜಾಗದಲ್ಲಿ ದೇಶದ ಕೈಗಾರಿಕೆಗಳನ್ನೆಲ್ಲ ಇಟ್ಟವನು ಹಾರ್ವರ್ಡಿನ ವಾಸಿಲಿ ಲಿಯೊಂಟಿಫ್. ಕಬ್ಬಿಣಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತೆಗೆಯಲು ಕಬ್ಬಿಣ ಬೇಕು. ಹೀಗೆ ಒಂದರ ಕೈ ಇನ್ನೊಂದು ಹಿಡಿದಿರುವಾಗ, ಜನರ ಬಳಕೆಗೆ ಇಷ್ಟು ಬೇಕೆಂದರೆ ಒಟ್ಟು ಎಷ್ಟು ಉತ್ಪಾದಿಸಬೇಕು? ಅಮೆರಿಕದ ಅರ್ಥವ್ಯವಸ್ಥೆಯನ್ನು ೫೦೦ ವಲಯಗಳಾಗಿ ವಿಂಗಡಿಸಿ, ಅಂದಿನ ಯಂತ್ರಕ್ಕೆ ಅಷ್ಟು ಭಾರ ಹೊರಲಾಗದೆ ೪೨ ಸಮೀಕರಣಗಳಿಗೆ ಇಳಿಸಿ, ೧೯೪೯ರಲ್ಲಿ ಮಾರ್ಕ್-೨ ಎಂಬ ಗಣಕಕ್ಕೆ ಕೊಟ್ಟ. ಉತ್ತರ ಬರಲು ೫೬ ಗಂಟೆ ಹಿಡಿಯಿತು. ೧೯೭೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ನಮ್ಮ ಯೋಜನಾಕಾರ್ಯಕ್ಕೆ ಇದೇ ಲೆಕ್ಕವನ್ನು, ನಾವೇ ಸಂಗ್ರಹಿಸಿದ ಅಂಕಿಗಳಿಂದ ಮಾಡಬೇಕಾಗಿತ್ತು. ನಾನು ಅಮೆರಿಕಕ್ಕೆ ಹೋಗಲಿಲ್ಲ, ನಮ್ಮ ಮನೆಗೆ ಹೋದೆ. ನಮಗೆ ಎರಡೇ ವಲಯ: ಹೊಲ, ಕೊಟ್ಟಿಗೆ. ಹಸುವಿಗೆ ರಾಗಿ ಹುಲ್ಲು ಹೊಲದಿಂದ. ಹೊಲಕ್ಕೆ ಗೊಬ್ಬರ ಕೊಟ್ಟಿಗೆಯಿಂದ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಪ್ಪ ಡೇರಿಯ ಹಾಲಿನ ಪುಸ್ತಕವನ್ನು ಮುಂದಿಟ್ಟುಕೊಂಡು ಮಿಕ್ಕುದನ್ನು ಬಾಯಿಲೆಕ್ಕದಲ್ಲಿಯೇ ಹೇಳಿದರು. ಕೊಟ್ಟಿಗೆಯ ನೂರು ರೂಪಾಯಿ ಹುಟ್ಟುವಳಿಗೆ ಮೂವತ್ತು ರೂಪಾಯಿನ ಹುಲ್ಲು. ಹೊಲದ ನೂರಕ್ಕೆ ಇಪ್ಪತ್ತು ರೂಪಾಯಿನ ಗೊಬ್ಬರ. ಮಾರುವುದೂ ಮನೆಯಲ್ಲಿ ಉಣ್ಣುವುದೂ ಸೇರಿ ವರ್ಷಕ್ಕೆ ಹೊಲದ್ದು ೪೭ ಸಾವಿರ, ಕೊಟ್ಟಿಗೆಯದು ೯೪ ಸಾವಿರ. (ಭಾಗಾಕಾರ ಸುಲಭವಾಗಲೆಂದು ಅಂಕಿಗಳನ್ನು ಕೊಂಚ ದುಂಡಗೆ ಮಾಡಿಕೊಂಡಿದ್ದೇನೆ.) ವಿಲೋಮ ಮಾತೃಕೆಯಿಂದ ಗುಣಿಸಿದರೆ ಹೊಲ ೮೦ ಸಾವಿರದಷ್ಟು, ಕೊಟ್ಟಿಗೆ ೧೧೦ ಸಾವಿರದಷ್ಟು ಉತ್ಪಾದಿಸಬೇಕೆಂದು ಬರುತ್ತದೆ. ೫೬ ಗಂಟೆ ಬೇಕಾಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ದಿನಗಳಲ್ಲಿ ಮನೆಯಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮುಂದಿನ ವರ್ಷ ಎಂ.ಎ.ಗೆ ಹೋಗಬೇಕಾದರೆ ಶುಲ್ಕ, ಹಾಸ್ಟೆಲು, ಊಟ. ಎರಡು ಹಸುಗಳಲ್ಲಿ ಒಂದನ್ನು ಮಾರುವುದೆಂದು ಅಪ್ಪನ ಯೋಚನೆ. ಯಂತ್ರಕ್ಕೆ ೯೪ರ ಬದಲು ೪೭ ಕೊಟ್ಟು ನೋಡಿದೆ. ಕೊಟ್ಟಿಗೆ ೧೧೦ರಿಂದ ೬೦ಕ್ಕೆ ಇಳಿಯಿತು; ಅದರ ಹಿಂದೆಯೇ ಹೊಲವೂ ೮೦ರಿಂದ ೬೫ಕ್ಕೆ. ಹಸು ಮಾರಿದರೆ ಹದಿನೈದು ಸಾವಿರದ ಹುಲ್ಲಿನ ಹೊರೆಯೂ ತಪ್ಪುತ್ತದೆಂಬುದು ಅಪ್ಪನಿಗೆ ಹಿತವಾಗಿ ಕೇಳಿಸಿತು.

ಆಗ ಮಾತೃಕೆಯಲ್ಲಿ ಕಾಣದ ಒಂದು ಹೆಸರು ನನಗೆ ಕಂಡಿತು. ಸೆಗಣಿ ಬಾಚುವುದು, ಹಾಲು ಕರೆಯುವುದು, ಮೈ ತೊಳೆಸುವುದು, ಡೇರಿಗೆ ಹಾಲು ಹಾಕಿ ಬರುವುದು ಇವೆಲ್ಲ ಅಮ್ಮನ ಕೆಲಸ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲವಾದ್ದರಿಂದ ಹಣದ ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ. ಗಂಟೆಗಳ ಒಂದು ಅಡ್ಡಸಾಲು ಸೇರಿಸಿದೆ. ಕೊಟ್ಟಿಗೆಯ ಪ್ರತಿ ಸಾವಿರ ರೂಪಾಯಿಗೆ ೧೫ ಗಂಟೆ ಎಂದು ಬಂತು. ಹಾಗಾದರೆ ೧೧೦ ಸಾವಿರಕ್ಕೆ ೧೬೫೦ ಗಂಟೆ, ದಿನಕ್ಕೆ ನಾಲ್ಕೂವರೆ. ಒಂದು ಹಸು ಹೋದರೆ ೯೦೦ ಗಂಟೆ. ವರ್ಷಕ್ಕೆ ೭೫೦ ಗಂಟೆ ಉಳಿಯಿತು ನಿನಗೆ ಎಂದು ಅಮ್ಮನಿಗೆ ಓದಿ ಹೇಳಿದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಅದ್ಹೆಂಗೆ ಉಳೀತದೆ ಕಣವ್ವ? ಒಂದು ಹಸು ಇದ್ರೂ ಕೋಳಿ ಕೂಗೋ ಹೊತ್ಗೆ ಏಳ್ಬೇಕು, ಎರಡಿದ್ರೂ ಏಳ್ಬೇಕು. ಡೇರಿ ಹತ್ರಾನೇನು ಅರ್ಧ ದಾರಿಗೆ ಬತ್ತದಾ?" ಎಂದಳು. ದಿನಕ್ಕೆ ಒಂದು ಗಂಟೆ ಉಳಿದರೆ ಹೆಚ್ಚಂತೆ.

ಉತ್ಪಾದನೆ ಅರ್ಧವಾದರೆ ಅದಕ್ಕೆ ಬೇಕಾದುದೆಲ್ಲ ಅರ್ಧವೇ ಆಗುತ್ತದೆ ಎಂಬುದು ಲಿಯೊಂಟಿಫನ ಪದ್ಧತಿಯ ಬುಡ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೇ ವಾಕ್ಯ. ನಾವು ಅದನ್ನು ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡುತ್ತೇವೆ. ಹುಲ್ಲು ಆ ಮಾತನ್ನು ಕೇಳುತ್ತದೆ, ಗೊಬ್ಬರವೂ ಬಹುಮಟ್ಟಿಗೆ ಕೇಳುತ್ತದೆ. ಅಮ್ಮನ ಬೆಳಗು ಕೇಳುವುದಿಲ್ಲ. ಅವಳ ಮಾತಿನಂತೆ ಎರಡು ಹಸುವಿಗೆ ನಾಲ್ಕೂವರೆ, ಒಂದಕ್ಕೆ ಮೂರೂವರೆ ಗಂಟೆ. ಈ ಎರಡು ಬಿಂದುಗಳ ಮೂಲಕ ಗೆರೆ ಎಳೆದು ಹಿಂದಕ್ಕೆ ಹೋದರೆ ಹಸುವೇ ಇಲ್ಲದ ದಿನವೂ ಎರಡೂವರೆ ಗಂಟೆಯ ಕೊಟ್ಟಿಗೆ ಕೆಲಸವಿರಬೇಕು! ಗೆರೆ ಮೂಲಬಿಂದುವಿನ ಮೂಲಕ ಹೋಗುವುದಿಲ್ಲ. ಮೊದಲ ಹಸುವಿನ ದುಡಿತವೇ ಬೇರೆ, ಎರಡನೆಯದರ ದುಡಿತವೇ ಬೇರೆ. ಇದನ್ನು ಅಧ್ಯಾಪಕರಿಗೆ ಹೇಳಿದಾಗ ಅವರು ವರದಿಯಲ್ಲಿ ಇದಕ್ಕೊಂದು ಪುಟ ಮೀಸಲಿಡು ಎಂದರು.

ಮೀಸಲಿಟ್ಟಿದ್ದೇನೆ. ೯೦೦ರ ಪಕ್ಕದಲ್ಲಿ ಅಮ್ಮನ ಅಂಕಿ: ಸುಮಾರು ೧೨೮೦. ಇಬ್ಬರ ಲೆಕ್ಕವೂ ಓದುಗರ ಮುಂದಿರಲಿ. ವಾರಕ್ಕೊಮ್ಮೆ ಊರಿಗೆ ಹೋಗಿ ನಾನು ಮಾಡಿಕೊಡುತ್ತಿದ್ದ ಕೆಲಸವೂ ಎಂ.ಎ.ಗೆ ಹೋದ ಮೇಲೆ ಅವಳ ಸಾಲಿಗೇ ಸೇರುವುದರಿಂದ, ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ. ಹಸು ಮಾರುವ ಮಾತು ಯುಗಾದಿಯವರೆಗೆ ನಿಂತಿದೆ. ಅಪ್ಪ ವರದಿಯ ಒಂದು ಪ್ರತಿಯನ್ನು ಕೇಳಿ ಇಸಿದುಕೊಂಡು ಹಾಲಿನ ಪುಸ್ತಕದ ಜೊತೆಗೆ ಇಟ್ಟಿದ್ದಾರೆ.