ಹಲಗಿಗೆ ಗಾಲಿ, ಗಾಲಿಗೆ ಬ್ರೇಕು

ಹಾಕ್ತೀನಿ ಅಂದಿದ್ದ ವಿಡಿಯೋ ಯಾಕೆ ಹಾಕಲಿಲ್ಲ ಅಂತ ಸುಮಾರು ಗೆಳೆಯರು ಕೇಳಿದ್ದೀರಿ. ಇವತ್ತು ಆಫೀಸಿಗೆ ರಜೆ, ಕೂತು ಪೂರ್ತಿ ಬರೀತೀನಿ. ತಪ್ಪು ನನ್ನದು, ಮುಚ್ಚಿಡೋದು ಬೇಡ.

ನಮ್ಮ ಅಕ್ಕನ ಮಗ ಇಲೆಕ್ಟ್ರಿಕಲ್ ಡಿಪ್ಲೊಮಾ ಓದ್ತಾನೆ. ರಜೆಗೆ ಲಕ್ಕಲಕಟ್ಟಿಗೆ ಬಂದವನು ಮೊಬೈಲ್‌ನಲ್ಲಿ ಇಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ತೋರಿಸಿ, "ಮಾಮಾ, ಇದನ್ನ ನಾವ ಮಾಡೂನು" ಅಂದ. ನನಗೆ ಇಸ್ಕ್ರೂ ಬಿಗಿಯೋದು ಬಿಟ್ಟರೆ ಬೇರೆ ಗೊತ್ತಿಲ್ಲ. ಓದಿದ್ದು ಬಿಎ. ಆದರೂ ಹೂಂ ಅಂದೆ. "ಹಲಗಿಗೆ ಗಾಲಿ ಹಚ್ಚಾಕತ್ತೇವಿ" ಅಂದಾಗ ಅವ್ವ ಗಾಬರಿಯಾದಳು. "ಹಲಗಿ ಬಾರಸೂದು ಬಿಟ್ಟು ಎಷ್ಟ್ ವರ್ಷ ಆತು, ಮತ್ಯಾಕ ಮನಿಗೆ ತಂದ್ರಿ?" ಇದು ಬಾರಿಸೋ ಹಲಗಿ ಅಲ್ಲ, ಕಟ್ಟಿಗೆ ಹಲಗಿ ಅಂತ ತಿಳಿಸಿ ಹೇಳೋದರಲ್ಲಿ ನಕ್ಕು ನಕ್ಕು ಸಾಕಾಯ್ತು.

ಸಾಮಾನಿಗೆ ನನ್ನ ಒಂದು ತಿಂಗಳ ಪಗಾರ ಹೋಯ್ತು. ಮೋಟಾರು, ಕಂಟ್ರೋಲರ್, ಬೆಲ್ಟು, ಕೈಯಲ್ಲಿ ಹಿಡಿಯೋ ರಿಮೋಟು, 90 ಮಿಲಿಮೀಟರಿನ ಗಾಲಿ, ಸಾಲಾಗಿ 10 ಸೆಲ್ ಜೋಡಿಸಿದ 36 ವೋಲ್ಟ್ ಲಿಥಿಯಂ ಬ್ಯಾಟರಿ. ಸೆಲ್ಲುಗಳ ಕಾವಲಿಗೆ ಬಿಎಂಎಸ್ ಅಂತ ಒಂದು ಸಣ್ಣ ಸರ್ಕ್ಯೂಟ್. ವೈರಿಂಗ್ ನಾವೇ ಮಾಡಿದೆವು.

ಹುಡುಗ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದ. ಮೋಟಾರು ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು, 36 ವೋಲ್ಟಿಗೆ 6840. ಮೋಟಾರಿನ ಹಲ್ಲು 15, ಗಾಲಿಯದು 36, ಹಂಗಾಗಿ ಗಾಲಿಗೆ 2850 ಸುತ್ತು. ಗಾಲಿಯ ಸುತ್ತಳತೆ ಸುಮಾರು 28 ಸೆಂಟಿಮೀಟರ್. ಗಂಟೆಗೆ 48 ಕಿ.ಮೀ.! ಮೈಭಾರ, ಗಾಳಿ ಕಳೆದರೂ 40 ಗ್ಯಾರಂಟಿ. ಆ 40 ನನ್ನ ತಲೆಗೆ ಏರಿತು.

ಯಾಕಂತ ಹೇಳಬೇಕು. ನಮ್ಮಪ್ಪ ಪಕ್ಕದ ಒಂದೂರಿಗೆ ಕೂಲಿಗೆ ಹೋಗ್ತಿದ್ದ. ಅಲ್ಲಿ ಒಂದು ಓಣಿ ಬಂದರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಹಿಂದೆ ಕ್ಯಾರಿಯರ್ ಮೇಲೆ ಕೂತ ಸಣ್ಣ ಹುಡುಗ ನಾನೂ ಇಳಿದು ನಡೀತಿದ್ದೆ. ನಮ್ಮ ಕೇರಿ ಹುಡುಗ ತಾನೇ ಮಾಡಿದ ಗಾಡಿ ಮೇಲೆ ನಿಂತು, ಯಾರಿಗೂ ಇಳಿಯದೆ, 40ರಲ್ಲಿ ಹೋಗೋದನ್ನ ನಿಮಗೆಲ್ಲ ತೋರಿಸಬೇಕು ಅನ್ನೋ ಹುಚ್ಚು ನನಗೆ.

"ಬ್ರೇಕ್ ಇನ್ನೊಂದೆರಡ ದಿನ ನೋಡೂನು ಮಾಮಾ" ಅಂದ ಅವನು. "ಏನ್ ನೋಡ್ತೀಯೋ, ಬಿಡು" ಅಂದೆ ನಾನು.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, 42 ವೋಲ್ಟಿಗೆ ತಂದು, ಊರ ಹೊರಗಿನ ಇಳಿಜಾರು ರಸ್ತೆಗೆ ಹೋದೆವು. ಈ ಬೋರ್ಡಿಗೆ ಸೈಕಲ್ಲಿನಂತೆ ಬ್ರೇಕ್ ಕಟ್ಟೆ ಇರೋದಿಲ್ಲ. ಬ್ರೇಕ್ ಒತ್ತಿದರೆ ಮೋಟಾರೇ ಡೈನಮೋ ಆಗಿ ಕರೆಂಟನ್ನ ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಆ ಕರೆಂಟಿಗೆ ಜಾಗ ಎಲ್ಲಿ? ಬಿಎಂಎಸ್ ತನ್ನ ಕೆಲಸ ಮಾಡಿ ಲೈನ್ ಕಟ್ ಮಾಡಿತು. ಲೈನಿನ ಜೊತೆ ಬ್ರೇಕೂ ಹೋಯಿತು. ಮುಂದೆ ಜಲ್ಲಿ. ಸಣ್ಣ ಗಾಲಿಗೆ ಒಂದು ಹರಳು ಸಾಕು. ನಾನು ಮೊಬೈಲ್ ಹಿಡಿದು ಶೂಟಿಂಗ್ ಮಾಡ್ತಾ ನಿಂತಿದ್ದೆ.

ಹೆಲ್ಮೆಟ್ ಇತ್ತು, ತಲೆ ಉಳೀತು. ಬಲಗೈ ಮಣಿಕಟ್ಟು ಮುರೀತು. ಪರೀಕ್ಷೆ ಬರೆಯೋ ಕೈ. ಅಕ್ಕ ನನ್ನನ್ನ ಬೈಯಲಿಲ್ಲ, ಅದೇ ಹೆಚ್ಚು ಸುಟ್ಟಿತು. "ಅಂವಗ ಗೊತ್ತಿತ್ತು, ನಿನಗ ಅವಸರಿತ್ತು" ಅಂದಳು, ಅಷ್ಟೇ.

ಅವತ್ತು ರಾತ್ರಿ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನೆನಪಾಯ್ತು. 1929ರಲ್ಲಿ ಅವರು ಚಾಳೀಸ್‌ಗಾಂವ್‌ನಲ್ಲಿ ಇಳಿದಾಗ ಟಾಂಗಾದವರು ಯಾರೂ ಅವರನ್ನ ಕರೆದೊಯ್ಯಲು ಒಪ್ಪಲಿಲ್ಲ. ಬ್ಯಾರಿಸ್ಟರ್ ಆದರೇನು, ಅಸ್ಪೃಶ್ಯನೇ. ಅತಿಥಿಯನ್ನ ನಡೆಸಿಕೊಂಡು ಹೋದರೆ ಮರ್ಯಾದೆ ಏನುಳೀತು ಅಂತ ಕೇರಿಯವರು ಟಾಂಗಾವನ್ನಷ್ಟೇ ಬಾಡಿಗೆಗೆ ತಂದು, ಓಡಿಸಿ ರೂಢಿಯಿಲ್ಲದ ನಮ್ಮವನನ್ನೇ ಕೂರಿಸಿದರು. ಕಿರುಸೇತುವೆ ಮೇಲೆ ಗಾಲಿ ಕಲ್ಲಿನ ಸಂದಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಮರ್ಯಾದೆ ಉಳಿಸುವ ಭರದಲ್ಲಿ ಅತಿಥಿಯ ಸುರಕ್ಷತೆ ಮರೆತರು ಅನ್ನೋದನ್ನ ಅವರು ಬರೆದಿಟ್ಟಿದ್ದಾರೆ. ಅದನ್ನ ನಾನು ಎಷ್ಟೋ ವೇದಿಕೆಯಲ್ಲಿ ಹೇಳಿದ್ದೀನಿ. ಪ್ರತಿ ಸಲ ಟಾಂಗಾದವನ ಜಾತಿ ಸೊಕ್ಕಿನ ಬಗ್ಗೆ ಮಾತಾಡಿದೆ. ಕೊನೆಯ ಮಾತು ನನಗೇ ಅಂತ ತಿಳಿಯಲಿಲ್ಲ.

ಆ ಟಾಂಗಾದವರ ತಪ್ಪು ಇದರಿಂದ ಕಡಿಮೆ ಆಗೋದಿಲ್ಲ. ಅಪ್ಪನನ್ನ ಸೈಕಲ್ ಇಳಿಸಿದವರದೂ ಆಗೋದಿಲ್ಲ. ಆದರೆ ಅವರಿಗೆ ಉತ್ತರ ಕೊಡೋ ನನ್ನ ಆಸೆಗೆ ಮಗು ಕೈ ಮುರ್ಕೋಬಾರದಿತ್ತು.

ಈಗ ಬೋರ್ಡ್ ಬಿಚ್ಚಿಟ್ಟಿದ್ದೇವೆ. ಅವನು ಎಡಗೈಯಿಂದ ತೋರಿಸ್ತಾನೆ, ಇಸ್ಕ್ರೂ ನಾನು ಬಿಗೀತೀನಿ. ಬಿಎಂಎಸ್ ಇನ್ನು ಚಾರ್ಜಿಂಗಿಗೆ ಮಾತ್ರ, ಮೋಟಾರಿನ ಲೈನ್ ಫ್ಯೂಸ್ ಮೂಲಕ ನೇರ. ಚಾರ್ಜ್ 40 ವೋಲ್ಟಿಗೆ ನಿಲ್ಲಿಸೋದು. ಗಾಳಿ ತುಂಬೋ ದೊಡ್ಡ ಗಾಲಿ. ಮಣಿಕಟ್ಟಿಗೆ ಗಾರ್ಡು. ಕಂಟ್ರೋಲರಿನಲ್ಲಿ ವೇಗ 20ಕ್ಕೆ ಕಟ್ಟೋದು. ವೇಗ ಎರಡು ಪಟ್ಟಾದರೆ ನಿಲ್ಲೋ ದೂರ ನಾಲ್ಕು ಪಟ್ಟು. ಇದನ್ನೂ ಅವನೇ ಲೆಕ್ಕ ಮಾಡಿ ತೋರಿಸಿದ. ಇನ್ನೊಂದು ಮಾತು: ಬ್ಯಾಟರಿ ಗಾಡಿಗೆ ನೋಂದಣಿ ಬೇಡ ಅನ್ನೋ ವಿನಾಯಿತಿ 250 ವ್ಯಾಟಿನ ಒಳಗೆ, 25 ಕಿ.ಮೀ. ಒಳಗೆ ಇದ್ದರೆ ಮಾತ್ರ. ನಮ್ಮದು ಅದನ್ನ ದಾಟಿತ್ತು. ರಸ್ತೆಗೆ ಇಳಿಸಿದ್ದೇ ತಪ್ಪು. ಇನ್ನು ಖಾಲಿ ಬಯಲಿನಲ್ಲಿ ಮಾತ್ರ.

ಕೇರಿಯ ಸಣ್ಣ ಹುಡುಗರು ದಿನಾ ಬಂದು ಸುತ್ತ ಕೂರ್ತಾರೆ. ವೋಲ್ಟ್ ಅಂದರೇನು, ಸುತ್ತು ಅಂದರೇನು ಅಂತ ಕೇಳ್ತಾರೆ. ಅವನು ಹೇಳ್ತಾನೆ. ನಾನೂ ಅವರ ನಡುವೆ ಕೂತು ಕೇಳ್ತೀನಿ.

ವಿಡಿಯೋ ಬರ್ತದೆ, ಕಾಯಿರಿ. "ಮಾಮಾ, ಓಡೂದು ಆಮ್ಯಾಲೆ. ಮೊದಲ ನಿಲ್ಲೂದು ಹಾಕೂನು" ಅಂದಿದ್ದಾನೆ. ಅವನು ಹೇಳಿದಂಗೇ ಆಗಲಿ.

ಜೈ ಭೀಮ್.