ಹೆಬ್ಬೆಟ್ಟಿನ ಮೇಲಿನ ಬರಹ

ಅಕ್ಷರ ಕಲಿಸಲು ಹೋದವರಿಗೆ ಕೇರಿ ಮೊದಲು ಕೇಳುವುದು ಒಂದೇ ಮಾತು: 'ಇದರಿಂದ ಕೂಲಿ ಹೆಚ್ಚಾಗತೈತೇನಪಾ?' ಮಾನ್ವಿ ತಾಲೂಕಿನ ಹಳ್ಳಿಯೊಂದರಲ್ಲಿ ರಾತ್ರಿಶಾಲೆ ನಡೆಸುತ್ತಿರುವ ನಮಗೂ ಇದೇ ಪ್ರಶ್ನೆ ಎದುರಾಯಿತು. ಇದು ಅಜ್ಞಾನದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ.

ಸರಕಾರ ಅಕ್ಷರ ಹಂಚಲು ಹೊರಟದ್ದು ಇವತ್ತಲ್ಲ. 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, 2022ರಲ್ಲಿ ನವ ಭಾರತ ಸಾಕ್ಷರತಾ ಕಾರ್ಯಕ್ರಮ. ಹೆಸರು ಬದಲಾದವು. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 50 ಮುಟ್ಟಿರಲಿಲ್ಲ. ಇದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಬಂಡೆಗೆ ಅಕ್ಷರ ಕೊರೆಸಿ ಎರಡು ಸಾವಿರ ವರ್ಷ ಮೀರಿತು. ಬಂಡೆಗೆ ಸಿಕ್ಕ ಅಕ್ಷರ ದುಡಿಯುವ ಕೈಗೆ ಸಿಗಲಿಲ್ಲ.

ನಮ್ಮ ಶಾಲೆಯೆಂದರೆ ಸಮುದಾಯ ಭವನದ ಕಟ್ಟೆ. ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ ಅಕ್ಕಂದಿರು ಬರುತ್ತಾರೆ. ಗಂಡಸರು ನಾಚಿಕೆಯೆಂದು ಬರಲಿಲ್ಲ. (ನಾಚಿಕೆಯೋ, ಹೆಂಡತಿಯ ಪಕ್ಕ ಕೂತು ಕಲಿಯುವ ಸಂಕಟವೋ!) ದಿನವಿಡೀ ಕೆಸರಿನಲ್ಲಿ ಭತ್ತ ನಾಟಿ ಮಾಡಿದ ಬೆರಳಿಗೆ ಬಳಪ ಹಿಡಿಯುವುದೇ ದಂಡನೆ. ಎಷ್ಟೋ ಸಲ ಪಾಟಿಯ ಮೇಲೇ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಬೇಸಿಗೆಯಲ್ಲಿ ಅರ್ಧ ಕೇರಿ ಬೆಂಗಳೂರಿಗೆ ಗುಳೆ.

ಮೊದಲು ಅವರು ಕೇಳಿದ್ದು ಸಹಿ. ಕಲಿತರು. ಆದರೆ ಈಗ ರೇಷನ್ ಅಂಗಡಿಯ ಯಂತ್ರ ಓದಿದವನ ಬೆರಳನ್ನೂ ಬಿಡುವುದಿಲ್ಲ. 'ಸೈ ಕಲತ ಮ್ಯಾಲೂ ಬೆಟ್ಟು ಒತ್ತಬೇಕಲ್ಲೋ ತಮ್ಮಾ' ಎಂದು ಒಬ್ಬ ಅಕ್ಕ ನಕ್ಕಳು. ಹೆಬ್ಬೆಟ್ಟಿನಲ್ಲಿ ಅವಮಾನವಿಲ್ಲ. ಅದರ ಮೇಲೆ ಏನು ಬರೆದಿದೆಯೆಂದು ತಿಳಿಸದೆ ಒತ್ತಿಸಿಕೊಳ್ಳುತ್ತಾರಲ್ಲ, ಶೋಷಣೆ ಇರುವುದು ಅಲ್ಲಿ. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಮುಂಗಡ ಸಾಲದ ಚೀಟಿಯನ್ನು ಓದಲು ಕಲಿಸಲಿಲ್ಲ.

ಹಾಗಾಗಿ ನಾವು ಅಂಕಿಯನ್ನು ಮುಂದಿಟ್ಟೆವು. ಅದಕ್ಕೆ ಇನ್ನೊಂದು ಕಾರಣವಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಆಂಧ್ರದವರ ಕ್ಯಾಂಪುಗಳಾದವು. ನಮ್ಮ ಅಕ್ಕಂದಿರು ದುಡಿಯುವ ಕ್ಯಾಂಪಿನ ಕೂಲಿ ಲೆಕ್ಕ ತೆಲುಗಿನಲ್ಲಿದೆ. ಕನ್ನಡ ಕಲಿತರೂ ಆ ಪುಸ್ತಕ ಓದಲಾಗದು. ಅಂಕಿಗೆ ಮಾತ್ರ ಭಾಷೆಯ ಹಂಗಿಲ್ಲ. ದುಡಿದ ದಿನ, ಬಂದ ಕೂಲಿ, ಉಳಿದ ಬಾಕಿ ಬರೆಯುವುದೇ ದಿನದ ಪಾಠವಾಯಿತು. ಕೂಲಿ, ಬಾಕಿ, ಸಾಲ ಎಂಬ ಶಬ್ದಗಳು ಅಂಕಿಯ ಬೆನ್ನಿಗೇ ಬಂದವು.

ಒಂದು ಬಟವಾಡೆಯ ದಿನ ಅದೇ ಅಕ್ಕ ಮೇಸ್ತ್ರಿಯ ಪುಸ್ತಕದ ಮೇಲೆ ಬೆರಳಿಟ್ಟಳು. 'ಇದು 9. ನಾ ಬಂದಿದ್ದು 11.' 'ನಿನಗೇನ್ ತಿಳಿತೈತಿ?' ಅಂದ ಮೇಸ್ತ್ರಿ. ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಹನ್ನೊಂದು ಗೆರೆ, ಗೆರೆಗೊಂದು ತಾರೀಖು. ಹಿಂದಿದ್ದ ಹೆಂಗಸರೂ 'ನಮ್ಮದೂ ತೋರಸ್ರಿ' ಎಂದು ಮುಗಿಬಿದ್ದರು. ಎರಡು ದಿನದ ಕೂಲಿ ಅವತ್ತೇ ಬಂತು. ಮರುದಿನ ಅವಳೊಬ್ಬಳನ್ನು ಕೆಲಸಕ್ಕೆ ಕರೆಯಲಿಲ್ಲ. ಉಳಿದವರು 'ಹಂಗಾರ ನಾವೂ ಬರಾಂಗಿಲ್ಲ' ಎಂದು ಕೂತರು. ಮೂರು ದಿನ ಕೇರಿಯಲ್ಲಿ ಒಲೆ ಹಚ್ಚುವುದೇ ಕಷ್ಟವಾಯಿತು. ಹೊಲದಲ್ಲಿ ಕಳೆಯೂ ಏರಿತು. ನಾಲ್ಕನೆಯ ದಿನ ಎಲ್ಲರಿಗೂ ಕರೆ ಬಂತು.

ಆ ರಾತ್ರಿ ಅಕ್ಕ ಪಾಟಿ ಮುಂದಿಟ್ಟು, 'ಇನ್ನ ತೆಲುಗಿನ ಅಕ್ಷರ ಕಲಸ್ರಿ' ಅಂದಳು. ನಮ್ಮಲ್ಲಿ ತೆಲುಗು ಮಾತಾಡುವವರಿದ್ದಾರೆ, ಬರೆಯಲು ಬರುವವರಿಲ್ಲ. ಇದನ್ನು ಓದುವ ಗೆಳೆಯರಲ್ಲಿ ಬಲ್ಲವರಿದ್ದರೆ ಮಾನ್ವಿ ಬಸ್ಸು ಹತ್ತಿ ಬರಲಿ.