ದನಿಗೊಂದು ಕೋಣೆ

ಮಂಡ್ಯದಂಥ ಊರಿನ ಮನೆಯಲ್ಲಿ ಹೆಂಗಸರಿಗೆ ಚಿನ್ನ ಸಿಕ್ಕರೂ ಸಿಕ್ಕೀತು, ಅರ್ಧ ಗಂಟೆಯ ನಿಶ್ಶಬ್ದ ಸಿಗುವುದು ಕಷ್ಟ. ಕುಕ್ಕರಿನ ಕೂಗು, ನೀರಿನ ಮೋಟಾರು, ಬೀದಿಯಲ್ಲಿ ಸೊಪ್ಪಿನವಳು, ಅವಳ ಹಿಂದೆಯೇ ಕಬ್ಬಿನ ಟ್ರಾಕ್ಟರು. ಇವೆಲ್ಲ ಎಷ್ಟು ಸದ್ದು ಮಾಡುತ್ತವೆಂದು ನನಗೆ ತಿಳಿದದ್ದು ನಮ್ಮತ್ತೆಯವರ ಸೋಬಾನೆ ಪದಗಳನ್ನು ಧ್ವನಿಮುದ್ರಣ ಮಾಡಲು ಹೊರಟಾಗಲೇ.

ಅತ್ತೆಯವರು ಮಳವಳ್ಳಿ ಕಡೆಯವರು. ಅರಿಶಿನ ಹಚ್ಚುವುದರಿಂದ ಹೆಣ್ಣೊಪ್ಪಿಸುವವರೆಗೆ ಒಂದೊಂದು ಶಾಸ್ತ್ರಕ್ಕೂ ಅವರ ಬಾಯಲ್ಲಿ ಒಂದೊಂದು ಪದವಿದೆ. ಬರೆದಿಟ್ಟವರಿಲ್ಲ. ಜೊತೆಗೆ ಸೊಲ್ಲು ಎತ್ತಿಕೊಳ್ಳುತ್ತಿದ್ದ ವಾರಗಿತ್ತಿಯರು ಒಬ್ಬೊಬ್ಬರಾಗಿ ಹೋಗಿಬಿಟ್ಟರು.

ಇದಕ್ಕೆಲ್ಲ ಬೆಂಗಳೂರಿನ ಸ್ಟುಡಿಯೋನೇ ಬೇಕೇನೋ ಎಂದು ನಮ್ಮ ಮನೆಯವರ ಅನುಮಾನ. ಆದರೆ 1902ರಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದ್ದು ಕಲ್ಕತ್ತೆಯ ಹೋಟೆಲಿನ ಕೋಣೆಯಲ್ಲಿ. ಆಗ ವಿದ್ಯುತ್ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಗೆ ಮುಖವೊಡ್ಡಿ, ಸುಮಾರು ಮೂರು ನಿಮಿಷದಲ್ಲಿ ಹಾಡು ಮುಗಿಸಿ, ಕೊನೆಗೆ ತನ್ನ ಹೆಸರು ಹೇಳುತ್ತಿದ್ದಳು. ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಮೈಸೂರಿನಲ್ಲಿ. ದನಿ ಇಂದಿಗೂ ಕೇಳಸಿಗುತ್ತದೆ.

ನಮಗೆ ದೊರೆತದ್ದು ಹತ್ತಡಿಗೆ ಎಂಟಡಿಯ ಸಾಮಾನಿನ ಕೋಣೆ. ಬರಿಗೋಡೆಗೆ ಬಡಿದ ದನಿ ಮರಳಿ ಬಂದು, ಡಬ್ಬದೊಳಗೆ ಕೂತು ಹಾಡಿದಂತೆ ಕೇಳುತ್ತದೆ. ಅದನ್ನು ಹೀರಲು ಮೆತ್ತನೆಯದು ಬೇಕು. ಹತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಹಗ್ಗದ ಮೇಲೆ ಕಂಬಳಿ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದೆ. ಸೀರೆ ತುಂಬಿದ ಬೀರುವಿನ ಬಾಗಿಲನ್ನೂ ತೆರೆದಿಟ್ಟೆ. ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆಂದು ಹೇಳುವವರುಂಟು. ಅದು ಸುಳ್ಳು. ಸದ್ದು ತಡೆಯಲು ದಪ್ಪ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಅದು ನಮ್ಮಿಂದಾಗದ ಮಾತು. ಹಾಗಾಗಿ ಬೆಳಗಿನ ಜಾವ ನಾಲ್ಕು ಗಂಟೆಯನ್ನು ಆರಿಸಿಕೊಂಡೆವು. ಫ್ಯಾನು ನಿಲ್ಲಿಸಿ, ಫೋನಿಗೆ ಸಿಕ್ಕಿಸಿದ ಪುಟ್ಟ ಮೈಕನ್ನು ಅವರ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟೆ. ನೇರ ಹಿಡಿದರೆ ‘ಪ’, ‘ಬ’ ಅಕ್ಷರಗಳ ಉಸಿರು ಮೈಕಿಗೆ ಬಡಿಯುತ್ತದೆ.

“ಇದೇನವ್ವ, ಬಾಣಂತಿ ಕೋಣೆ ಮಾಡಿದ್ದೀಯ!” ಎಂದು ಅತ್ತೆಯವರು ನಕ್ಕರು. ಮೊದಲ ಪದಕ್ಕೆ ಗಂಟಲು ನಡುಗಿತು. ಮೂರನೆಯದರ ಹೊತ್ತಿಗೆ ಮೈಕನ್ನು ಮರೆತಿದ್ದರು. ಹೆಣ್ಣೊಪ್ಪಿಸುವ ಪದದ ನಡುವೆ ಬಿಕ್ಕಿದರು. ಆ ಭಾಗ ತೆಗೆದುಬಿಡಲೇ ಎಂದು ಮಗ ಕೇಳಿದ. ಬೇಡವೆಂದೆ.

ಎಲ್ಲವನ್ನೂ ಎರಡು ಕಡೆ ನಕಲು ಮಾಡಿಟ್ಟು ಮದ್ದೂರಿನ ನಾದಿನಿಗೂ ಕಳಿಸಿದೆ. ಮಗಳ ಮದುವೆಯಲ್ಲಿ ಇದನ್ನೇ ಹಾಕಿಬಿಡುತ್ತೇನೆಂದು ಅವಳು ಹಿಗ್ಗಿದಳು.

“ಫೋನು ಸೋಬಾನೆ ಹೇಳಿದ್ರೆ ನೀವೆಲ್ಲ ಏನ್ ಮಾಡ್ತೀರಿ? ಕೇಳಿ ಕಲ್ತುಕೊಳ್ಳಿ,” ಎಂದರು ಅತ್ತೆ.

ಈಗ ರಾತ್ರಿ ಹೊತ್ತು ಮದ್ದೂರಿನಿಂದ ಫೋನು ಬರುತ್ತದೆ. ತಾಯಿ ಮಗಳು ಸೇರಿ ಒಂದೇ ಸೊಲ್ಲನ್ನು ಹತ್ತು ಸಲ ಹೇಳುತ್ತಾರೆ, ಅತ್ತೆಯವರು ತಿದ್ದುತ್ತಾರೆ.